ಘಟ್ಟದ ಹೊಳೆಗೆ ಇನ್ನೊಂದು ದೊಡ್ಡ ಅಣೆಕಟ್ಟು ಬೇಕಾ?

ಕೇಳುಗರೇ, ನಮಸ್ಕಾರ. ಕರೆಂಟ್ ಎಲ್ಲರಿಗೂ ಬೇಕು. ಸಕಲೇಶಪುರದಲ್ಲಿ ಕಾಫಿಗೆ ಸ್ಪ್ರಿಂಕ್ಲರ್ ಹಾಕುವವರಿಗೂ ಬೇಕು, ಅರಸೀಕೆರೆಯಲ್ಲಿ ಬೋರ್‌ವೆಲ್ ನಂಬಿಕೊಂಡು ತೆಂಗು ಉಳಿಸಿಕೊಂಡವರಿಗೂ ಬೇಕು. ಆದರೆ ಅದಕ್ಕಾಗಿ ಘಟ್ಟದ ಹೊಳೆಗಳಿಗೆ ಹೊಸ ಅಣೆಕಟ್ಟು ಬೇಡ ಅಂತಲೇ ನಾನು ಹೇಳುತ್ತೇನೆ.

ಗುಂಡ್ಯ ಜಲವಿದ್ಯುತ್ ಯೋಜನೆ ನೆನಪಿದೆಯಲ್ಲ? ಸಕಲೇಶಪುರದ ಕಾಡಿನಲ್ಲಿ, ಮೊದಲ ಹಂತಕ್ಕೆ 200 ಮೆಗಾವಾಟ್. ಪಶ್ಚಿಮ ಘಟ್ಟದ ಪರಿಸರ ಉಳಿಸುವ ಬಗ್ಗೆ ಕೇಂದ್ರ ಸರ್ಕಾರ ನೇಮಿಸಿದ್ದ ಮಾಧವ ಗಾಡ್ಗೀಳ್ ಸಮಿತಿ 2011ರ ವರದಿಯಲ್ಲಿ ಅದಕ್ಕೆ ಅನುಮತಿ ಕೊಡಬೇಡಿ ಅಂದಿತು. ಆಮೇಲೆ ನಮ್ಮದೇ ರಾಜ್ಯದ ಪಾವಗಡದಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಬಂತು, ಅಂದರೆ ಹತ್ತು ಪಟ್ಟು! ಅಲ್ಲಿ ರೈತರ ಜಮೀನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ತೆಗೆದುಕೊಂಡರು, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಯಿತು, ಜಮೀನು ಮಾತ್ರ ಈಗಲೂ ರೈತರದ್ದೇ. ಜಮೀನೇ ಇಲ್ಲದ ಕೂಲಿಯವರಿಗೆ ಕೆಲಸ ತಪ್ಪಿತು, ಅದನ್ನೂ ಹೇಳಲೇಬೇಕು. ಸೂರ್ಯ ರಾತ್ರಿ ಇರುವುದಿಲ್ಲವಲ್ಲ ಅಂತ ಕೇಳುತ್ತೀರಿ, ಸರಿಯಾದ ಪ್ರಶ್ನೆ. ಅದಕ್ಕೆ ಈಗಾಗಲೇ ಕಟ್ಟಿರುವ ಶರಾವತಿಯಂಥ ಜಲಾಶಯಗಳಿವೆ. ಹಗಲು ಸೋಲಾರ್ ಓಡುವಾಗ ನೀರು ಉಳಿಸಿಕೊಂಡು, ಸಂಜೆ ದೀಪ ಹಚ್ಚುವ ಹೊತ್ತಿಗೆ ಟರ್ಬೈನ್‌ಗೆ ಬಿಟ್ಟರೆ, ನಿಮಿಷಗಳಲ್ಲಿ ಕರೆಂಟ್ ಬರುತ್ತದೆ.

ಬರೀ ನೀರನ್ನೇ ನಂಬಿದರೆ ಏನಾಗುತ್ತದೆ? ಆಫ್ರಿಕಾದ ಜಾಂಬೆಜಿ ನದಿಗೆ ಕಟ್ಟಿದ ಕರೀಬಾ ಅಣೆಕಟ್ಟು ನೋಡಿ. 1950ರ ದಶಕದಲ್ಲಿ ಅಲ್ಲಿನ ಸುಮಾರು 57,000 ಟೊಂಗಾ ಬುಡಕಟ್ಟಿನ ಜನರನ್ನು ಎಬ್ಬಿಸಿ ಕಟ್ಟಿದ್ದು ಅದು. 2024ರ ಬರದಲ್ಲಿ ನೀರು ತಳ ಕಂಡು, ಅದರ ಕರೆಂಟ್ ನಂಬಿದ್ದ ಜಾಂಬಿಯಾ ದೇಶದ ಜನ ದಿನದ ಬಹುಪಾಲು ಹೊತ್ತು ಕತ್ತಲಲ್ಲಿ ಕೂತರು. 2023ರಲ್ಲಿ ಮಳೆ ಕೈಕೊಟ್ಟಾಗ ಪಂಪ್‌ಸೆಟ್ ಕರೆಂಟಿಗೆ ನಾವೂ ಪರದಾಡಿದೆವು ಅಲ್ವಾ?

ದೊಡ್ಡ ಅಣೆಕಟ್ಟುಗಳಿಂದ ಲೋಕದಲ್ಲಿ 4ರಿಂದ 8 ಕೋಟಿ ಜನ ಮನೆ ಬಿಟ್ಟಿದ್ದಾರೆ ಅಂತ ವಿಶ್ವ ಅಣೆಕಟ್ಟು ಆಯೋಗ 2000ದಲ್ಲೇ ಅಂದಾಜು ಮಾಡಿತು. ನಮಗೆ ಅದು ದೂರದ ಲೆಕ್ಕ ಅಲ್ಲ. ಗೊರೂರಿನ ಹೇಮಾವತಿ ಅಣೆಕಟ್ಟು ನೀರಾವರಿಗೆ ಕಟ್ಟಿದ್ದು, ಕರೆಂಟಿಗಲ್ಲ, ಆದರೂ ಮುಳುಗಿದವರ ಕಷ್ಟ ಒಂದೇ. ಮಳೆಗಾಲದಲ್ಲಿ ಆ ಅಣೆಕಟ್ಟಿನ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಪಾಳು ಚರ್ಚ್ ಅರ್ಧ ಮುಳುಗಿದಾಗ ಫೋಟೋ ತೆಗೆಯೋಕೆ ಜನ ಬರುತ್ತಾರೆ. ಅದರ ಸುತ್ತ ಊರುಗಳಿದ್ದವು, ಗದ್ದೆಗಳಿದ್ದವು. ಅಣೆಕಟ್ಟು ಮುಗಿದದ್ದು 1979ರಲ್ಲಿ. ಮುಳುಗಡೆಯವರ ಮಕ್ಕಳು, ಮೊಮ್ಮಕ್ಕಳು ಬದಲಿ ಜಮೀನಿನ ಕಾಗದ ಹಿಡಿದು ಇನ್ನೂ ಕಚೇರಿ ಅಲೆಯುತ್ತಿದ್ದಾರೆ. ಹೊಸ ಅಣೆಕಟ್ಟಿನ ಮಾತೆತ್ತುವವರು ಮೊದಲು ಈ ಜನರ ಖಾತೆ, ಪಹಣಿ ಮಾಡಿಸಿಕೊಡಲಿ.