ಮೊದಲು ನೆಲ ಮುಟ್ಟುವ ಊರು

ಬೆಳಗಾವಿ ಸೀಮೆಯ ಕೇಳುಗರೆಲ್ಲರಿಗೂ ನಮಸ್ಕಾರ.

ಸಾಂಬ್ರಾ ವಿಮಾನ ನಿಲ್ದಾಣದ ಸುತ್ತಲಿನ ಹಳ್ಳಿಗಳಲ್ಲಿ ಇರುವವರಿಗೆ ತರಬೇತಿ ವಿಮಾನಗಳ ಸದ್ದು ಈಗ ಹೊಸದೇನಲ್ಲ. ಪೈಲಟ್ ತರಬೇತಿ ಶಾಲೆಗಳಿಗೆಂದು 2021ರಲ್ಲಿ ಮೊದಲು ಆರಿಸಿದ ಐದು ವಿಮಾನ ನಿಲ್ದಾಣಗಳಲ್ಲಿ ನಮ್ಮ ಬೆಳಗಾವಿಯೂ ಒಂದು. ವಿಮಾನ ಹಾರಿಸಲು ಕಲಿಯುವ ಹುಡುಗ ಹುಡುಗಿಯರಿಗೆ ವಾಯುಯಾನದ ಕಾನೂನು ಪಾಠ ಹೇಳುವುದು ನನ್ನ ಕೆಲಸ. ಕೆಲವು ದಿನಗಳ ಹಿಂದೆ ಒಬ್ಬ ವಿದ್ಯಾರ್ಥಿ ಎದ್ದು ನಿಂತು, "ಸರ, ನಾಳೆ ನನ್ನ ಕಡೆ ಸ್ವಂತ ವಿಮಾನ ಇತ್ತಂದ್ರ, ಮಾಲ್ದೀವ್ಸ್‌ನಿಂದ ಸೀದಾ ಸಾಂಬ್ರಾಕ್ಕ ಬಂದು ಇಳೀಬಹುದೇನ್ರಿ?" ಎಂದು ಕೇಳಿದ. ಇಳಿಯುವಂತಿಲ್ಲ. ಏಕೆ ಇಳಿಯುವಂತಿಲ್ಲ ಎಂಬುದನ್ನು ತಿಳಿಸಲೆಂದೇ ಈ ಹೊತ್ತು ನಿಮ್ಮ ಮುಂದೆ ಬಂದಿದ್ದೇನೆ.

ನಮ್ಮ ದೇಶದ 1962ರ ಕಸ್ಟಮ್ಸ್ ಕಾಯಿದೆ, ಅಂದರೆ ಸೀಮಾಸುಂಕದ ಕಾಯಿದೆ, ಕಲಂ 29ರಲ್ಲಿ ಇದನ್ನು ನೇರವಾಗಿ ಹೇಳುತ್ತದೆ. ಹೊರದೇಶದಿಂದ ಭಾರತವನ್ನು ಪ್ರವೇಶಿಸುವ ಯಾವುದೇ ವಿಮಾನ ಮೊದಲ ಸಲ ನೆಲ ಮುಟ್ಟುವುದು ಸರ್ಕಾರ ಗೊತ್ತುಮಾಡಿದ ಕಸ್ಟಮ್ಸ್ ವಿಮಾನ ನಿಲ್ದಾಣದಲ್ಲಿಯೇ ಆಗಬೇಕು. ಬೇರೆಡೆ ಇಳಿಯಬೇಕೆಂದರೆ ಪರೋಕ್ಷ ತೆರಿಗೆ ಮತ್ತು ಸೀಮಾಸುಂಕದ ಕೇಂದ್ರ ಮಂಡಳಿ ಅದಕ್ಕೆ ಅನುಮತಿ ಕೊಟ್ಟಿರಬೇಕು. ನೂರಾರು ಜನರನ್ನು ಹೊತ್ತು ತರುವ ದೊಡ್ಡ ವಿಮಾನಕ್ಕೂ ನಾಲ್ಕು ಆಸನಗಳ ಪುಟ್ಟ ಸೆಸ್ನಾಕ್ಕೂ ಈ ಮಾತಿನಲ್ಲಿ ಭೇದವಿಲ್ಲ. ನಮ್ಮ ಆಸುಪಾಸಿನಲ್ಲಿ ಗೋವೆಯ ದಾಬೋಳಿ ಮತ್ತು ಮೋಪಾ, ಕರ್ನಾಟಕದಲ್ಲಿ ಮಂಗಳೂರು ಮತ್ತು ಬೆಂಗಳೂರು ಇಂಥ ನಿಲ್ದಾಣಗಳು. ಸಾಂಬ್ರಾದಿಂದ ಹೊರದೇಶಕ್ಕೆ ಹಾರಾಟವಿಲ್ಲ, ಅಲ್ಲಿ ಸುಂಕದ ತಪಾಸಣೆಯ ಏರ್ಪಾಡೂ ಇಲ್ಲ.

ಇದು ನಮ್ಮ ಭಾಗದ ಹಿರಿಯರಿಗೆ ಅಪರಿಚಿತ ಸಂಗತಿಯಲ್ಲ. ಗೋವೆ ಪೋರ್ಚುಗೀಸರ ಕೈಯಲ್ಲಿದ್ದ ಕಾಲದಲ್ಲಿ ಮುರಗಾಂವ್ ಕಡೆಯಿಂದ ಘಟ್ಟ ಹತ್ತಿ ಬರುತ್ತಿದ್ದ ರೈಲು ಕ್ಯಾಸಲ್‌ರಾಕ್‌ನಲ್ಲಿ ನಿಲ್ಲುತ್ತಿತ್ತು. ಅಲ್ಲಿ ಸಾಮಾನು ಬಿಚ್ಚಿ ತೋರಿಸಿದ ಮೇಲೆಯೇ ಪ್ರಯಾಣಿಕರು ಲೋಂಡಾದ ಕಡೆಗೆ ಮುಂದುವರಿಯುತ್ತಿದ್ದರು. ರೈಲಿಗಾದರೆ ಹಳಿಯೊಂದೇ ದಾರಿ, ತಪ್ಪಿಸಿಕೊಂಡು ಹೋಗುವುದು ಕಷ್ಟ. ಆಕಾಶದಲ್ಲಿ ಅಂಥ ಹಳಿಯಿಲ್ಲದ್ದರಿಂದ, ಹಳಿಯ ಕೆಲಸವನ್ನು ಕಾನೂನು ಮಾಡಬೇಕಾಗುತ್ತದೆ.

ಆ ಕಾನೂನಿನ ಭಾರವೆಲ್ಲ ಬೀಳುವುದು ಪೈಲಟ್‌ನ ಹೆಗಲ ಮೇಲೆ. ವಿಮಾನದ ಕಮಾಂಡರನೇ, ಅಂದರೆ ಹಾರಾಟದ ಹೊಣೆ ಹೊತ್ತ ಪೈಲಟ್‌ನೇ, ಅದರ ಉಸ್ತುವಾರಿಯ ವ್ಯಕ್ತಿ ಎಂದು ಕಾಯಿದೆ ವ್ಯಾಖ್ಯೆ ಮಾಡಿದೆ. ದೊಡ್ಡ ಕಂಪನಿಯ ಪೈಲಟ್‌ಗೆ ಕಾಗದಪತ್ರ ನೋಡಿಕೊಳ್ಳಲು ಕಚೇರಿಯೇ ಇರುತ್ತದೆ. ಸ್ವಂತ ವಿಮಾನದವನಿಗೆ ಕಚೇರಿಯೂ ಅವನೇ, ಗುಮಾಸ್ತನೂ ಅವನೇ. ಒಳಗೆ ಯಾರಿದ್ದಾರೆ, ಏನಿದೆ ಎಂಬ ಪಟ್ಟಿಗಳನ್ನು ಮುಂಚಿತವಾಗಿ ಒಪ್ಪಿಸಬೇಕು; ಭಾರತದ ವಾಯುಸೀಮೆಯನ್ನು ಹೊಗುವ ಮೊದಲು, ವೈಮಾನಿಕರು ಎಡಿಸಿ ಎಂದು ಕರೆಯುವ ವಾಯುರಕ್ಷಣಾ ಅನುಮತಿಯ ಸಂಖ್ಯೆ ಕೈಯಲ್ಲಿರಬೇಕು; ಇಳಿದ ಮೇಲೆ ಪಾಸ್‌ಪೋರ್ಟ್ ತಪಾಸಣೆ, ಆರೋಗ್ಯ ತಪಾಸಣೆ, ಸಾಮಾನಿನ ಘೋಷಣೆ ಎಲ್ಲವೂ ಮುಗಿಯಬೇಕು. ಸುಂಕ ತೆರಬೇಕಾದ ವಸ್ತುವನ್ನು ತಾನಾಗಿ ಹೇಳಿ ಸುಂಕ ಕಟ್ಟಿದವನು ಗೌರವದಿಂದ ಹೊರಗೆ ಬರುತ್ತಾನೆ. ಜೊತೆಗೆ ಬಂದ ಗೆಳೆಯನ ಚೀಲದಲ್ಲಿ ಮುಚ್ಚಿಟ್ಟ ಚಿನ್ನ ಸಿಕ್ಕಿತೆಂದರೆ ಮಾತೇ ಬೇರೆ. ಕಳ್ಳಸಾಗಣೆಗೆ ಬಳಕೆಯಾದ ವಾಹನವನ್ನೇ ಮುಟ್ಟುಗೋಲು ಹಾಕಿಕೊಳ್ಳಲು ಕಲಂ 115ರಲ್ಲಿ ಅವಕಾಶವಿದೆ, ತನಗಾಗಲಿ ಪೈಲಟ್‌ಗಾಗಲಿ ಅದು ಗೊತ್ತಿರಲಿಲ್ಲವೆಂದು ಸಾಧಿಸಿ ತೋರಿಸುವ ಭಾರ ಮಾಲೀಕನದು. ಆದ್ದರಿಂದ ಎಂಜಿನ್ ಎಣ್ಣೆ ನೋಡಿದಷ್ಟೇ ಶ್ರದ್ಧೆಯಿಂದ ಜೊತೆಯವರ ಸಾಮಾನನ್ನೂ ಕೇಳಿ ತಿಳಿದುಕೊಳ್ಳಿರೆಂದು ನನ್ನ ವಿದ್ಯಾರ್ಥಿಗಳಿಗೆ ಒತ್ತಿ ಹೇಳುತ್ತೇನೆ. ಕೇಳಲು ಸಂಕೋಚವಾದರೂ ಕೇಳಲೇಬೇಕು.

ಇನ್ನು ಅನೇಕರಿಗೆ ಹೊಳೆಯದ ಒಂದು ಸಂಗತಿ. ಹೊರದೇಶದಲ್ಲಿ ವಿಮಾನ ಕೊಂಡು ಅದನ್ನೇ ಹಾರಿಸಿಕೊಂಡು ಮನೆಗೆ ಬರುವವನಿಗೆ ಆ ವಿಮಾನವೇ ಆಮದು ಸರಕು. ಪ್ರವಾಸಕ್ಕೆಂದು ತಾತ್ಕಾಲಿಕವಾಗಿ ಬಂದುಹೋಗುವ ವಿದೇಶಿ ವಿಮಾನಕ್ಕೆ, ಅದರ ಟ್ಯಾಂಕಿನಲ್ಲಿರುವ ಇಂಧನಕ್ಕೆ 1944ರ ಷಿಕಾಗೋ ಒಪ್ಪಂದದ 24ನೆಯ ವಿಧಿ ಸುಂಕದಿಂದ ವಿನಾಯಿತಿ ಕೊಡುತ್ತದೆ. ಇಲ್ಲಿಯೇ ಉಳಿಯಲು ಬಂದ ವಿಮಾನಕ್ಕೆ ಆ ರಕ್ಷೆ ಇಲ್ಲ.

"ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ" ಎಂಬ ಗಾದೆ ನಮ್ಮಲ್ಲಿದೆ. ಕಲಂ 29ರ ಎರಡನೆಯ ಭಾಗವನ್ನು ಓದಿದಾಗಲೆಲ್ಲ ಈ ಗಾದೆ ಇಲ್ಲಿ ಸಲ್ಲದು ಎಂದು ನನಗೆ ಅನ್ನಿಸುತ್ತದೆ. ಅಪಘಾತದಿಂದಲೋ, ಹವಾಮಾನ ಕೆಟ್ಟೋ, ತಪ್ಪಿಸಲಾಗದ ಬೇರೆ ಕಾರಣದಿಂದಲೋ ಪೈಲಟ್ ಸಿಕ್ಕ ಜಾಗದಲ್ಲಿ ಇಳಿಯಬೇಕಾಗಿ ಬಂದರೆ ಕಾಯಿದೆ ಅವನ ಕಷ್ಟಕ್ಕೆ ಕಿವಿಗೊಡುತ್ತದೆ. ಆಷಾಢದ ಮಳೆಯಲ್ಲಿ ಘಟ್ಟದ ಮೇಲೆ ಮೋಡ ಕವಿದು, ಗೋವೆಯ ರನ್‌ವೇ ಕಾಣದೆ, ಇಂಧನ ತೀರುತ್ತ ಬಂದ ಪೈಲಟ್ ಖಾನಾಪುರದ ಕಡೆಯ ಯಾವುದೋ ಬಯಲಿನಲ್ಲಿ ಇಳಿದನೆಂದು ಎಣಿಸಿಕೊಳ್ಳಿ. ಅವನು ಕೂಡಲೇ ಹತ್ತಿರದ ಕಸ್ಟಮ್ಸ್ ಅಧಿಕಾರಿಗೆ ಅಥವಾ ಪೊಲೀಸ್ ಠಾಣೆಯ ಅಧಿಕಾರಿಗೆ ವರದಿ ಕೊಡಬೇಕು, ಕೇಳಿದರೆ ಲಾಗ್‌ಬುಕ್ ತೋರಿಸಬೇಕು, ಅವರ ಒಪ್ಪಿಗೆಯಿಲ್ಲದೆ ಸಾಮಾನು ಇಳಿಸಬಾರದು, ಯಾರೂ ವಿಮಾನದ ಬಳಿಯಿಂದ ದೂರ ಹೋಗಬಾರದು. ಆದರೆ ಆರೋಗ್ಯಕ್ಕಾಗಿ, ಸುರಕ್ಷತೆಗಾಗಿ, ಜೀವವನ್ನೋ ಆಸ್ತಿಯನ್ನೋ ಉಳಿಸುವುದಕ್ಕಾಗಿ ದೂರ ಹೋಗಬೇಕಾದರೆ ಈ ಕಲಂ ಅಡ್ಡ ಬರುವುದಿಲ್ಲ ಎಂದೂ ಅಲ್ಲಿಯೇ ಬರೆದಿದೆ. ಗಾಯಗೊಂಡವನನ್ನು ದವಾಖಾನೆಗೆ ಒಯ್ಯಲು ಯಾವ ಮುದ್ರೆಗೂ ಕಾಯಬೇಕಾಗಿಲ್ಲ. ಹಳ್ಳಿಯ ಜನರೂ ಇದನ್ನು ತಿಳಿದಿರುವುದು ಒಳ್ಳೆಯದು, ಏಕೆಂದರೆ ಅಂಥ ವಿಮಾನದ ಬಳಿಗೆ ಮೊದಲು ಓಡಿ ಬರುವವರು ಅವರೇ.

ನಮ್ಮ ಭಾಗದಿಂದ ಅಮೆರಿಕಕ್ಕೆ ಹೋಗಿ ವಿಮಾನ ಕಲಿಯುವವರೂ ಇದ್ದಾರೆ. ಅವರು ಫ್ಲಾರಿಡಾದಿಂದ ಬಹಾಮಾಸ್ ದ್ವೀಪಗಳಿಗೆ ಹಾರಿ ಮರಳುವುದಾದರೆ, ಅಲ್ಲಿಯ ನಿಯಮದಂತೆ ಹೊರಡುವುದಕ್ಕೆ ಕನಿಷ್ಠ 60 ನಿಮಿಷ ಮೊದಲು ವಿಮಾನದಲ್ಲಿರುವ ಎಲ್ಲರ ವಿವರವನ್ನು ಇಂಟರ್‌ನೆಟ್ ಮೂಲಕ ಕಳುಹಿಸಬೇಕು. 2009ರ ಮೇ ತಿಂಗಳಿನಿಂದ ಇದು ಖಾಸಗಿ ವಿಮಾನಗಳಿಗೂ ಕಡ್ಡಾಯ. ಪ್ರಯಾಣಿಕರ ಪಾಸ್‌ಪೋರ್ಟನ್ನು ಪಟ್ಟಿಯೊಡನೆ ಹೋಲಿಸಿ ನೋಡುವ ಹೊಣೆಯೂ ಪೈಲಟ್‌ನದೇ. ತಪ್ಪಿದರೆ ಮೊದಲ ಸಲಕ್ಕೆ 5,000 ಡಾಲರ್, ಮತ್ತೆ ತಪ್ಪಿದರೆ 10,000 ಡಾಲರ್ ದಂಡವಾಗಬಹುದು. ಬ್ರಿಟನ್ನಿನಲ್ಲಿ 2024ರ ಏಪ್ರಿಲ್‌ನಿಂದ ಈ ವರದಿಯನ್ನು ಹೊರಡುವುದಕ್ಕೆ ಎರಡು ತಾಸು ಮೊದಲೇ ಸಲ್ಲಿಸಬೇಕಾಗಿದೆ.

ಪ್ರಶ್ನೆ ಕೇಳಿದ ಹುಡುಗನಿಗೆ ಅಂದು ಇಷ್ಟನ್ನು ವಿವರಿಸಿ, ಯೋಜನೆಯನ್ನು ಮತ್ತೆ ಬರೆದು ತರಲು ಹೇಳಿದೆ. ಮಾಲ್ದೀವ್ಸ್‌ನ ರಾಜಧಾನಿ ಮಾಲೆಯಿಂದ ತಿರುವನಂತಪುರಕ್ಕೆ ಸಮುದ್ರದ ಮೇಲೆ ಸುಮಾರು 600 ಕಿಲೋಮೀಟರ್. ಅವನು ನಕ್ಷೆಯ ಮೇಲೆ ಅಲ್ಲಿಗೆ ಮೊದಲ ಗೆರೆ ಎಳೆದು, ಪಕ್ಕದಲ್ಲಿ "ಕಸ್ಟಮ್ಸ್, ಇಮಿಗ್ರೇಶನ್, ಮೂರು ತಾಸು" ಎಂದು ಬರೆದಿದ್ದ. ಅಲ್ಲಿಂದ ಮಂಗಳೂರಿಗೆ ಇನ್ನೊಂದು ಗೆರೆ, ಮಂಗಳೂರಿನಿಂದ ಸಾಂಬ್ರಾಕ್ಕೆ ಮತ್ತೊಂದು. ಆ ಎರಡೂ ಒಳನಾಡಿನ ಹಾರಾಟಗಳಾದ್ದರಿಂದ ಅವುಗಳಿಗೆ ಬೇರೆ ಫ್ಲೈಟ್ ಪ್ಲಾನ್ ಸಲ್ಲಿಸಬೇಕೆಂಬುದನ್ನು ನಾನು ಹೇಳುವ ಮೊದಲೇ ಸೇರಿಸಿದ್ದ. ಮೂರು ತಾಸನ್ನು ನಾಲ್ಕು ಮಾಡು ಎಂದಷ್ಟೇ ತಿದ್ದಿ ಹಿಂತಿರುಗಿಸಿದೆ.

ನಮಸ್ಕಾರ.