ರಕ್ತದ ಮಾತು ಬಿಡಿ, ರಸ್ತೆಯ ಮಾತಾಡೋಣ

ಅಧ್ಯಕ್ಷರಿಗೆ, ವೇದಿಕೆಯ ಮೇಲಿರುವ ಹಿರಿಯರಿಗೆ, ರಸ್ತೆ ಸುರಕ್ಷತಾ ಮಾಸ ಅಂತ ಕಾಲೇಜು ಬಿಟ್ಟು ಇಲ್ಲಿ ಬಂದು ಕೂತಿರುವ ಮಕ್ಕಳಿಗೆ ನಮಸ್ಕಾರ.

ನನಗೆ ಕೊಟ್ಟ ವಿಷಯ ‘ಭಾರತ ಮತ್ತು ಬ್ರಿಟನ್: ರಸ್ತೆಯ ನಿಯಮ, ರಸ್ತೆಯ ನಡವಳಿಕೆ’. ನಾನು ಬರೆದುಕೊಂಡು ಬಂದದ್ದು ಬೇರೆ ಕ್ರಮದಲ್ಲಿತ್ತು. ಆದರೆ ಸ್ವಾಗತ ಭಾಷಣದಲ್ಲಿ ಒಂದು ಮಾತು ಬಂತು: ‘ಆ ಶಿಸ್ತು ಅವರ ರಕ್ತದಲ್ಲೇ ಇದೆ, ನಮ್ಮವರಿಗೆ ಬರೋದಲ್ಲ’ ಅಂತ. ಬಸ್ಸಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಎಲ್ಲ ಕಡೆಯೂ ಈ ಮಾತು ಕೇಳಿದ್ದೇನೆ. ಸ್ವಾಗತ ಕೋರಿದವರ ಮೇಲೆ ನನಗೆ ಬಹಳ ಗೌರವವಿದೆ, ಆದರೆ ಈ ಮಾತನ್ನು ನಾನು ಒಪ್ಪುವುದಿಲ್ಲ. ಅಲ್ಲಿಂದಲೇ ಶುರು ಮಾಡುತ್ತೇನೆ.

ನಂಜನಗೂಡಿನ ನಮ್ಮ ದೊಡ್ಡಮ್ಮ ಮಗನ ಮನೆಗೆ ಅಂತ ಇಂಗ್ಲೆಂಡಿನ ಲೆಸ್ಟರಿಗೆ ಬಂದಿದ್ದರು. ನಾನೂ ಆಗ ಅಲ್ಲಿದ್ದೆ. ಒಂದು ಸಂಜೆ ತರಕಾರಿಗೆ ಹೊರಟೆವು. ದಾರಿಯಲ್ಲಿ ಒಂದು ಜೀಬ್ರಾ ಕ್ರಾಸಿಂಗ್. ಎರಡೂ ಬದಿಗೆ ಕಪ್ಪು ಬಿಳುಪಿನ ಕಂಬ, ತುದಿಯಲ್ಲಿ ಮಿನುಗುವ ಹಳದಿ ಗುಂಡು. ದೊಡ್ಡಮ್ಮ ಫುಟ್‌ಪಾತಿನ ಅಂಚಿಗೆ ಬಂದು ನಿಂತರು, ಅಷ್ಟೇ. ಒಂದು ಕಾರು ನಿಂತಿತು. ಎದುರಿನಿಂದ ಬರುತ್ತಿದ್ದ ಬಸ್ಸೂ ನಿಂತಿತು. ದೊಡ್ಡಮ್ಮ ಮಾತ್ರ ಅಲ್ಲಾಡಲಿಲ್ಲ. ‘ಬನ್ನಿ ದೊಡ್ಡಮ್ಮ’ ಅಂದೆ. ‘ಅಯ್ಯೋ, ಅವರಿಗೇನು ಕೆಲಸವಿದೆಯೋ ಏನೋ, ಮೊದಲು ಹೋಗಲಿ ಬಿಡು. ನಮಗೇನವಸರ?’ ಅಂತ ಹೇಳಿ ‘ಹೋಗಪ್ಪಾ, ಹೋಗು’ ಎಂದು ಕಾರಿನವನಿಗೆ ಕೈ ಬೀಸಿದರು. ಅವನು ಕದಲಲಿಲ್ಲ. ಬಸ್ಸಿನವನಿಗೂ ಕೈ ಬೀಸಿದರು. ಅವನೂ ಕದಲಲಿಲ್ಲ. ಬಸ್ಸಿನೊಳಗಿದ್ದವರೆಲ್ಲ ಕುತ್ತಿಗೆ ಚಾಚಿ ನೋಡುತ್ತಿದ್ದರು. ಕೊನೆಗೆ ನಾನೇ ಅವರ ತೋಳು ಹಿಡಿದು ಇಳಿಸಿದೆ. ಇಳಿದವರೇ ಊರಿನ ರೂಢಿಯಂತೆ ಬಲಗೈ ಅಂಗೈಯನ್ನು ಕಾರಿನ ಮುಖಕ್ಕೆ ಅಡ್ಡ ಹಿಡಿದರು. ನಮ್ಮಲ್ಲಿ ರಸ್ತೆ ದಾಟುವವರೆಲ್ಲ ಹಿಡಿಯುತ್ತೇವಲ್ಲ, ‘ತಡಿ ತಡಿ’ ಅಂತ, ಹಾಗೆ. ಅಲ್ಲಿ ದಾಟುವಾಗ ಕೈ ಎತ್ತಿದರೆ ಅದು ವಂದನೆ. ಕಾರಿನವನು ನಕ್ಕು ತಾನೂ ಕೈ ಎತ್ತಿದ. ಆಚೆ ದಡ ಮುಟ್ಟಿದ ಮೇಲೆ ದೊಡ್ಡಮ್ಮ ಕೇಳಿದರು: ‘ಯಾರೋ ಅವನು? ನಮ್ಮ ಕಡೆಯವನೇನೋ?’

(ನಗು)

ಅವನು ಯಾರೋ ನನಗೆ ತಿಳಿಯದು. ಆದರೆ ನಮ್ಮ ಕಡೆಯವನಾಗಿದ್ದರೂ ಇರಬಹುದು! ಲೆಸ್ಟರಿನಲ್ಲಿ ಭಾರತದಿಂದ ಹೋದವರಿಗೇನು ಕೊರತೆ? ದೊಡ್ಡಮ್ಮನ ಮಗ, ನಮ್ಮ ಅಣ್ಣ, ಅದೇ ಜೀಬ್ರಾದಲ್ಲಿ ದಿನವೂ ನಿಲ್ಲುತ್ತಾನೆ. ರಜೆಗೆ ಬಂದು ದೇವನಹಳ್ಳಿಯಲ್ಲಿ ವಿಮಾನ ಇಳಿದು ಕಾರು ಹತ್ತಿದನೆಂದರೆ ಹೆಬ್ಬಾಳ ಫ್ಲೈಓವರ್ ಬರುವಷ್ಟರಲ್ಲಿ ಅವನ ಕೈ ಹಾರ್ನ್ ಮೇಲೆ. ವಿಮಾನದಲ್ಲಿ ಯಾರಾದರೂ ಅವನ ರಕ್ತ ಬದಲಾಯಿಸಿದರೇ?

ಆ ಜೀಬ್ರಾವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಪಟ್ಟೆಗಳ ಎರಡೂ ಕಡೆ ರಸ್ತೆಯ ಮೇಲೆ ಬಿಳಿಯ ಅಂಕುಡೊಂಕು ಗೆರೆ ಎಳೆದಿರುತ್ತಾರೆ. ಆ ಗೆರೆಯುದ್ದಕ್ಕೂ ಗಾಡಿ ನಿಲ್ಲಿಸುವಂತಿಲ್ಲ, ಮುಂದಿನ ಗಾಡಿಯನ್ನು ಹಿಂದಿಕ್ಕುವಂತಿಲ್ಲ. ಯಾಕೆ? ದಾಟುವವನು ಓಡಿಸುವವನಿಗೆ ಕಾಣಬೇಕು, ಓಡಿಸುವವನು ದಾಟುವವನಿಗೆ ಕಾಣಬೇಕು. ಹಳದಿ ಗುಂಡಿನ ಕಂಬ ದೂರದಿಂದಲೇ ‘ಇಲ್ಲಿ ಜನ ದಾಟುತ್ತಾರೆ’ ಅಂತ ಹೇಳುತ್ತದೆ. ನಮ್ಮಲ್ಲಿ? ಪಟ್ಟೆ ಮಾಸಿರುತ್ತದೆ. ಮಾಸದಿದ್ದರೆ ಅದರ ಮೇಲೆ ನಾಲ್ಕು ಸ್ಕೂಟರ್, ಒಂದು ಆಟೊ, ಎಳನೀರಿನ ಗಾಡಿ. ಇವೆಲ್ಲ ಇಲ್ಲದಿದ್ದರೆ ಪಟ್ಟೆ ನೇರವಾಗಿ ಹೋಗಿ ಡಿವೈಡರ್‌ಗೆ ಡಿಕ್ಕಿ ಹೊಡೆದು ನಿಲ್ಲುತ್ತದೆ, ದಾಟಲು ಅಲ್ಲಿ ಸಂದೇ ಬಿಟ್ಟಿರುವುದಿಲ್ಲ. ಎಪ್ಪತ್ತು ವರ್ಷದ ಅಜ್ಜಿ ಸೆರಗು ಸಿಕ್ಕಿಸಿಕೊಂಡು ಆ ಕಲ್ಲು ಹತ್ತಿ ಇಳಿಯಬೇಕು. ಇದರಲ್ಲಿ ಅಜ್ಜಿಯ ರಕ್ತದ ತಪ್ಪೇನಿದೆ?

ಇನ್ನು ಕಾನೂನು. ನಮ್ಮ ಕಾನೂನು ಸಡಿಲ ಅಂತ ಬಹಳ ಜನ ತಿಳಿದಿದ್ದಾರೆ. ಸಿಗ್ನಲ್ ಇಲ್ಲದ ಜೀಬ್ರಾದಲ್ಲಿ ವೇಗ ತಗ್ಗಿಸಿ, ನಿಂತು, ಪಾದಚಾರಿಗೆ ದಾರಿ ಬಿಡಬೇಕು ಎಂದು 2017ರ ಕೇಂದ್ರ ಚಾಲನಾ ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ. ಬ್ರಿಟನ್ನಿನ ರಸ್ತೆ ನಿಯಮಗಳ ಕೈಪಿಡಿ ‘ಹೈವೇ ಕೋಡ್’ ಕಾದು ನಿಂತವರಿಗೂ ದಾರಿ ಬಿಡಿ ಎಂದು ಬಿಡಿಸಿ ಹೇಳಿದ್ದು 2022ರಲ್ಲಿ. ಕುಡಿದು ಓಡಿಸುವ ವಿಷಯಕ್ಕೆ ಬನ್ನಿ. ನಮ್ಮಲ್ಲಿ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯಸಾರ ದಾಟಿದರೆ ಅಪರಾಧ. ಇಂಗ್ಲೆಂಡಿನಲ್ಲಿ ಆ ಮಿತಿ 80. ನೋಡಿ, ಇದೊಂದೇ ಕಡೆ ರಕ್ತದ ಮಾತು ನಿಜವಾಗಿ ಬರುತ್ತದೆ, ಅಲ್ಲೂ ಬಿಗಿ ನಮ್ಮದೇ! ಆಂಬುಲೆನ್ಸಿಗೆ ದಾರಿ ಬಿಡದಿದ್ದರೆ 2019ರ ತಿದ್ದುಪಡಿಯಂತೆ ಹತ್ತು ಸಾವಿರ ರೂಪಾಯಿ ದಂಡ. ಮಕ್ಕಳ ಕೈಗೆ ಗಾಡಿ ಕೊಟ್ಟರೆ ಅಪ್ಪ ಅಮ್ಮನಿಗೆ ಮೂರು ವರ್ಷದವರೆಗೆ ಜೈಲು. ಕಾನೂನು ಪುಸ್ತಕದಲ್ಲಿ ಇನ್ನೇನು ಬರೆಯಬೇಕು?

ಈಗ ಅವರ ಹಿಂದಿನ ಕಥೆ ಕೇಳಿ. ಇದನ್ನು ನಾನು ಹೋದಲ್ಲೆಲ್ಲ ಹೇಳುತ್ತೇನೆ, ಕೇಳಿದವರು ಕ್ಷಮಿಸಬೇಕು. 1930ರ ಕಾಯ್ದೆಯಲ್ಲಿ ಬ್ರಿಟನ್ ಕಾರುಗಳ ವೇಗದ ಮಿತಿಯನ್ನೇ ತೆಗೆದುಹಾಕಿತು. ಆಗ ಡ್ರೈವಿಂಗ್ ಪರೀಕ್ಷೆಯೂ ಇರಲಿಲ್ಲ, ಹಣ ಕಟ್ಟಿದವನಿಗೆ ಲೈಸೆನ್ಸ್. 1934ರಲ್ಲಿ ರಸ್ತೆಯಲ್ಲಿ ಸತ್ತವರು ಏಳು ಸಾವಿರಕ್ಕೂ ಮೇಲೆ. ವಾಹನಗಳು ಆಗ ಇದ್ದದ್ದು ಇಪ್ಪತ್ತೈದು ಲಕ್ಷದಷ್ಟು ಮಾತ್ರ. ಇವತ್ತು ವಾಹನ ನಾಲ್ಕು ಕೋಟಿ, ವರ್ಷಕ್ಕೆ ಸಾಯುವವರು ಸುಮಾರು 1,700. ನಡುವೆ ಏನಾಯಿತು? ಆ ಕಾಲದ ಸಾರಿಗೆ ಮಂತ್ರಿ ಹೋರ್‌ ಬೆಲಿಷಾ ದಾಟುವ ಜಾಗಕ್ಕೆ ಕಂಬ ನೆಡಿಸಿದರು. ಇವತ್ತಿಗೂ ಆ ಹಳದಿ ಗುಂಡಿಗೆ ಅವರದೇ ಹೆಸರು. 1935ರಲ್ಲಿ ಊರೊಳಗೆ ಗಂಟೆಗೆ 30 ಮೈಲಿ ಮಿತಿ ಬಂತು, ಕಡ್ಡಾಯ ಪರೀಕ್ಷೆ ಬಂತು. 1951ರಲ್ಲಿ ಜೀಬ್ರಾ ಪಟ್ಟೆ, 1967ರಲ್ಲಿ ಕುಡಿದವರಿಗೆ ಉಸಿರಿನ ಪರೀಕ್ಷೆ, 1983ರಲ್ಲಿ ಮುಂದಿನ ಸೀಟಿಗೆ ಬೆಲ್ಟ್. ಒಂದೊಂದಕ್ಕೂ ಅಲ್ಲಿನ ಜನ ವಿರೋಧ ಮಾಡಿದರು, ಗೊಣಗಿದರು. ಮೂರ್ನಾಲ್ಕು ತಲೆಮಾರಿನ ಕೆಲಸ ಅದು. ಹುಟ್ಟುವಾಗಲೇ ಯಾರೂ ಕಲಿತು ಬಂದಿರಲಿಲ್ಲ.

ನಮ್ಮಲ್ಲಿ 2022ರಲ್ಲಿ ರಸ್ತೆಯಲ್ಲಿ ಹೋದ ಜೀವಗಳು 1,68,491. ಜನಸಂಖ್ಯೆ ಅವರಿಗಿಂತ ಇಪ್ಪತ್ತು ಪಟ್ಟು, ಸಾವು ನೂರು ಪಟ್ಟಿನ ಹತ್ತಿರ. ಸತ್ತವರಲ್ಲಿ ಸುಮಾರು ಐದರಲ್ಲೊಬ್ಬರು ನಡೆದು ಹೋಗುತ್ತಿದ್ದವರು. ‘ರಕ್ತದಲ್ಲೇ ಇಲ್ಲ’ ಅಂದಾಗ ನಾವು ಈ ಸಾವುಗಳನ್ನು ಹಣೆಬರಹಕ್ಕೆ ಬಿಟ್ಟ ಹಾಗಾಯಿತು. ಅದಕ್ಕೇ ನನಗೆ ಆ ಮಾತಿನ ಮೇಲೆ ಅಷ್ಟು ಸಿಟ್ಟು.

ಪರೀಕ್ಷೆಯ ವಿಷಯ. ನಮ್ಮ ಲೈಸೆನ್ಸ್ ಬ್ರಿಟನ್ನಿನಲ್ಲಿ ಹನ್ನೆರಡು ತಿಂಗಳು ನಡೆಯುತ್ತದೆ, ಆಮೇಲೆ ಎಲ್ಲ ಮೊದಲಿನಿಂದ. ಅಣ್ಣ ಇಲ್ಲಿ ಊಟಿ ಘಾಟ್ ಹತ್ತಿಸಿ ಇಳಿಸಿದವನು. ಅಲ್ಲಿ ಮೊದಲ ಸಲ ಫೇಲ್. ಸ್ಟೇರಿಂಗಿನಲ್ಲಿ, ಕ್ಲಚ್ಚಿನಲ್ಲಿ ಏನೂ ಕೊರೆಯಿಲ್ಲ; ಸೈಕಲ್ಲಿನವನೊಬ್ಬನನ್ನು ತೀರ ಒತ್ತರಿಸಿಕೊಂಡು ಮುಂದೆ ಹೋದ, ಅಷ್ಟೇ. ಅಪಾಯದ ತಪ್ಪು ಒಂದಾದರೂ ಮುಗಿಯಿತು. ಸುಮಾರು ನಲವತ್ತು ನಿಮಿಷ ನಿಜವಾದ ರಸ್ತೆಯಲ್ಲೇ ಓಡಿಸಬೇಕು. ಅದಕ್ಕೂ ಮೊದಲು ಐವತ್ತು ಪ್ರಶ್ನೆ, ನಲವತ್ತಮೂರು ಸರಿ ಇರಬೇಕು. ಜೊತೆಗೆ ರಸ್ತೆಯ ವಿಡಿಯೊ ತೋರಿಸಿ, ಅಪಾಯ ಎಲ್ಲಿ ಮೂಡುತ್ತಿದೆ ಅಂತ ಕಂಡ ಕೂಡಲೇ ಗುಂಡಿ ಒತ್ತಲು ಹೇಳುತ್ತಾರೆ. ಚೆಂಡು ಉರುಳಿ ಬಂದರೆ ಹಿಂದೆ ಮಗು ಬರುತ್ತದೆ ಅನ್ನುವ ಅಂದಾಜು ಬೆಳೆಸುವುದು ಹಾಗೆ. ನಾವು ಎಂಟು ಹಾಕಿಸುತ್ತೇವೆ. ಎಂಟು ಹಾಕಿದವನಿಗೆ ಬ್ಯಾಲೆನ್ಸ್ ಇದೆ ಅಂತ ಗೊತ್ತಾಯಿತು. ಎದುರಿಗೆ ಮನುಷ್ಯ ಬಂದರೆ ಏನು ಮಾಡುತ್ತಾನೆ ಅಂತ ಗೊತ್ತಾಗಲಿಲ್ಲ.

ಚೀಟಿ ಬಂತು. ಐದು ನಿಮಿಷವಂತೆ.

ಸರ್ಕಲ್ ಬಗ್ಗೆ ಉದ್ದಕ್ಕೆ ಹೇಳಬೇಕು ಅಂದುಕೊಂಡಿದ್ದೆ, ಮೈಸೂರಿನಲ್ಲಿ ನಿಂತು ಸರ್ಕಲ್ ಬಗ್ಗೆ ಹೇಳದಿದ್ದರೆ ಹೇಗೆ! ಬಲಗಡೆಯಿಂದ ಬರುವವನಿಗೆ ದಾರಿ ಬಿಡಬೇಕು, ಅಲ್ಲೂ ಇಲ್ಲೂ. ಮುಂದಕ್ಕೆ ಹೋಗುತ್ತೇನೆ.

ಮಕ್ಕಳನ್ನು ನೋಡಲು ಅಲ್ಲಿಗೆ ಹೋಗುವವರಿಗೆ ಒಂದು ಎಚ್ಚರಿಕೆ. ಇಕ್ಕಟ್ಟಾದ ಬೀದಿಯಲ್ಲಿ ಎದುರಿನವನು ಹೆಡ್‌ಲೈಟ್ ಮಿಣಕಿಸಿದರೆ ಇಲ್ಲಿ ಅರ್ಥ ‘ನಾನು ಬಂದೆ, ನೀನು ನಿಲ್ಲು’. ಅಲ್ಲಿ ರೂಢಿಯಲ್ಲಿ ‘ನೀವು ಬನ್ನಿ, ನಾನು ನಿಂತಿದ್ದೇನೆ’. ಹೈವೇ ಕೋಡ್ ಪ್ರಕಾರ ಅದು ‘ನಾನಿದ್ದೇನೆ’ ಅನ್ನುವ ಸೂಚನೆ ಮಾತ್ರ. ಆದ್ದರಿಂದ ದೀಪ ನಂಬಬೇಡಿ, ಗಾಡಿ ನಿಜವಾಗಿ ನಿಂತಿದೆಯಾ ನೋಡಿ ಹೋಗಿ. ಹಾರ್ನ್ ಕೂಡ ಅಷ್ಟೇ. ಅಲ್ಲಿ ಊರೊಳಗೆ ರಾತ್ರಿ ಹನ್ನೊಂದೂವರೆಯಿಂದ ಬೆಳಿಗ್ಗೆ ಏಳರವರೆಗೆ ಒತ್ತುವಂತಿಲ್ಲ.

ಉಳಿದದ್ದು ಬಿಡುತ್ತೇನೆ. ಬಾಗಿಲ ಬಳಿ ಮೇಜಿನ ಮೇಲೆ ನಗರಪಾಲಿಕೆಗೆ ಬರೆದ ಅರ್ಜಿ ಇಟ್ಟಿದ್ದೇನೆ. ಕೇಳಿರುವುದು ಎರಡೇ: ಊರಿನ ಪ್ರತಿ ಶಾಲೆಯ ಮುಂದಿನ ಜೀಬ್ರಾದ ಎರಡೂ ಬದಿಗೆ ಗಾಡಿ ನಿಲ್ಲಿಸದಂತೆ ಗೆರೆ ಎಳೆಯಬೇಕು, ಪಟ್ಟೆ ಡಿವೈಡರ್ ಮುಟ್ಟುವಲ್ಲಿ ಗಾಲಿಕುರ್ಚಿ ಹೋಗುವಷ್ಟು ಸಂದು ಬಿಡಬೇಕು. ನಿಮ್ಮ ಬೀದಿಯಲ್ಲಿ ಅಂಥ ಜಾಗವಿದ್ದರೆ ಹಿಂದಿನ ಹಾಳೆಯಲ್ಲಿ ವಿಳಾಸ ಬರೆಯಿರಿ. ಸೋಮವಾರ ನಾನೇ ಒಯ್ದು ಕೊಡುತ್ತೇನೆ, ಜೊತೆಗೆ ಬರುವವರಿದ್ದರೆ ಬನ್ನಿ. ನಮಸ್ಕಾರ.