ವಕೀಲರ ಶುಲ್ಕ ಮತ್ತು ಶಾಸಕರ ಮತ

ಮಾನ್ಯರೇ,

ಜನಪ್ರತಿನಿಧಿಯೊಬ್ಬರು ದೊಡ್ಡ ಕಂಪನಿಯಿಂದ ನೇರವಾಗಿ ಹಣ ಪಡೆದರೆ ಅದನ್ನು ಲಂಚವೆನ್ನಲು ಯಾರೂ ಹಿಂಜರಿಯುವುದಿಲ್ಲ. ಅದೇ ಹಣ ವಕೀಲರ ಕಚೇರಿಯೊಂದರ ಮೂಲಕ ಹಾದುಬಂದರೆ ಶುಲ್ಕವೆಂಬ ಮರ್ಯಾದೆ ಪಡೆಯುತ್ತದೆ. ರಸೀದಿ ಇರುತ್ತದೆ, ತೆರಿಗೆ ಸಂದಿರುತ್ತದೆ. ಯಾವ ಕೆಲಸಕ್ಕೆ ಕೊಟ್ಟದ್ದೆಂದು ವಿಚಾರಿಸಿದರೆ ಕಕ್ಷಿದಾರರ ಗೋಪ್ಯತೆ ಅಡ್ಡ ನಿಲ್ಲುತ್ತದೆ. ಕಾನೂನು ಸಲಹೆಗೆ ಗೊತ್ತಾದ ದರವೆಂಬುದು ಇಲ್ಲವಾದ್ದರಿಂದ ಶುಲ್ಕ ಅತಿಯಾಯಿತೆಂದು ಹೊರಗಿನವರು ಸಾಧಿಸಿ ತೋರಿಸುವುದೂ ಸುಲಭವಲ್ಲ.

ನ್ಯೂಯಾರ್ಕ್ ರಾಜ್ಯದ ವಿಧಾನಸಭೆಗೆ 1994ರಿಂದ 2015ರವರೆಗೆ ಸ್ಪೀಕರ್ ಆಗಿದ್ದ ಷೆಲ್ಡನ್ ಸಿಲ್ವರ್ ಅವರ ಪ್ರಕರಣವನ್ನು ಸ್ವಲ್ಪ ವಿವರವಾಗಿ ನೋಡೋಣ. ವಕೀಲರೂ ಆಗಿದ್ದ ಅವರು ಹುದ್ದೆಯಲ್ಲಿದ್ದುಕೊಂಡೇ ಹೊರಗಿನ ಆದಾಯ ಗಳಿಸಲು ಅಲ್ಲಿನ ಕಾನೂನಿನಲ್ಲಿ ಅವಕಾಶವಿತ್ತು. ಬಾಡಿಗೆ ನಿಯಂತ್ರಣ, ಹೊಸ ಕಟ್ಟಡಗಳಿಗೆ ತೆರಿಗೆ ರಿಯಾಯಿತಿ ಮುಂತಾದ ಕಾನೂನುಗಳು ಅವಧಿ ಮುಗಿದಂತೆಲ್ಲ ನವೀಕರಣಕ್ಕಾಗಿ ಅದೇ ಸದನಕ್ಕೆ ಬರುತ್ತಿದ್ದವು, ಮತ್ತು ದೊಡ್ಡ ಕಟ್ಟಡ ಉದ್ಯಮಿಗಳ ಲಾಭನಷ್ಟ ಅವುಗಳನ್ನೇ ಅವಲಂಬಿಸಿತ್ತು. ಅಂತಹ ಉದ್ಯಮಿಗಳು ತಮ್ಮ ಆಸ್ತಿ ತೆರಿಗೆಯ ತಕರಾರುಗಳನ್ನು ಸಣ್ಣ ವಕೀಲ ಸಂಸ್ಥೆಯೊಂದಕ್ಕೆ ವಹಿಸಿದರು. ಆ ಸಂಸ್ಥೆ ಬಂದ ಶುಲ್ಕದಲ್ಲಿ ಒಂದು ಪಾಲನ್ನು ಸಿಲ್ವರ್ ಅವರಿಗೆ ಕೊಟ್ಟಿತು. ತೆರಿಗೆ ತಕರಾರಿನ ಕೆಲಸವೇನೋ ನಿಜವಾಗಿಯೂ ನಡೆದಿತ್ತು, ಆದರೆ ಅದನ್ನು ಮಾಡಿದವರು ಬೇರೆಯವರು. 2015ರಲ್ಲಿ ಅವರು ತಪ್ಪಿತಸ್ಥರೆಂದು ತೀರ್ಮಾನವಾಯಿತು. 2017ರಲ್ಲಿ ಅದು ಮೇಲ್ಮನವಿಯಲ್ಲಿ ರದ್ದಾಯಿತು. 2018ರಲ್ಲಿ ಮತ್ತೆ ತಪ್ಪಿತಸ್ಥರಾದರು. 2020ರಲ್ಲಿ ಕೆಲವು ಆರೋಪಗಳು ಬಿದ್ದುಹೋದರೂ ಕಟ್ಟಡ ಉದ್ಯಮಿಗಳಿಗೆ ಸಂಬಂಧಿಸಿದವು ಉಳಿದವು.

ಇಷ್ಟು ವರ್ಷ ಹಿಡಿದದ್ದಕ್ಕೆ ಕಾರಣವಿದೆ. ಲಂಚದ ಅಪರಾಧಕ್ಕೆ ಕೊಡುಕೊಳ್ಳುವಿಕೆ ರುಜುವಾತಾಗಬೇಕು. ಹಿತಾಸಕ್ತಿ ಸಂಘರ್ಷವಾದರೋ ಏನನ್ನೂ ಕೊಟ್ಟುಕೊಳ್ಳುವ ಮೊದಲೇ ಇರುತ್ತದೆ. ಯಾರ ಶುಲ್ಕ ಪಡೆಯುತ್ತಾರೋ ಅವರ ಮಸೂದೆಗೆ ಮತ ಹಾಕಬೇಕಾದ ಸ್ಥಿತಿಯೇ ಅದು. ಹೀಗಾಗಿ ದಂಡ ಕಾನೂನೊಂದನ್ನೇ ನೆಚ್ಚಿಕೊಂಡ ವ್ಯವಸ್ಥೆಗೆ ಇದು ಕಣ್ಣಿಗೆ ಬೀಳುವುದೇ ಇಲ್ಲವೆಂದು ನನ್ನ ಅಭಿಪ್ರಾಯ.

ಭಾರತದಲ್ಲಿ ಸಂಸದರು, ಶಾಸಕರು ವಕೀಲಿ ವೃತ್ತಿ ನಡೆಸುವುದಕ್ಕೆ ನಿಷೇಧವಿಲ್ಲವೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್‌ನಲ್ಲಿ ಹೇಳಿತು. ಪೂರ್ಣಾವಧಿ ಸಂಬಳದ ನೌಕರರು ವಕಾಲತ್ತು ವಹಿಸಕೂಡದೆಂಬ ಬಾರ್ ಕೌನ್ಸಿಲ್ ನಿಯಮ ಅವರಿಗೆ ಅನ್ವಯಿಸದು, ಏಕೆಂದರೆ ಅವರು ಯಾರ ನೌಕರರೂ ಅಲ್ಲ ಎಂಬುದು ಅದರ ತರ್ಕ. ಕಾನೂನಿನ ಅರ್ಥ ಹಾಗೆಯೇ ಇರಬಹುದು. ಆದರೆ ಹಿತಾಸಕ್ತಿಯ ಪ್ರಶ್ನೆ ಅಷ್ಟಕ್ಕೆ ಮುಗಿಯುವುದಿಲ್ಲ. ರಾಜ್ಯಸಭೆಯ ಸದಸ್ಯರು ಸಂಭಾವನೆಯ ನಿರ್ದೇಶಕತ್ವ, ನಿಯಂತ್ರಣಕ್ಕೆ ಸಾಲುವಷ್ಟು ಷೇರು, ವೃತ್ತಿಪರ ಒಪ್ಪಂದ ಮುಂತಾದ ತಮ್ಮ ಹಿತಾಸಕ್ತಿಗಳನ್ನು ಘೋಷಿಸಬೇಕೆಂಬ ನಿಯಮವಾದರೂ ಇದೆ.

ಇನ್ನು ವಕೀಲ ಸಂಸ್ಥೆಗಳ ಕಡೆಯ ಮಾತು. ಹೊಸ ಕಕ್ಷಿದಾರರನ್ನು ಒಪ್ಪಿಕೊಳ್ಳುವ ಮೊದಲು, ಅವರ ಎದುರು ಪಕ್ಷ ತಮ್ಮಲ್ಲಿಗೆ ಈಗಾಗಲೇ ಬಂದಿದೆಯೇ ಎಂದು ದೊಡ್ಡ ಸಂಸ್ಥೆಗಳು ತಪ್ಪದೆ ಪರಿಶೀಲಿಸುತ್ತವೆ. ಅದರ ಉದ್ದೇಶ ಕಕ್ಷಿದಾರನ ರಕ್ಷಣೆ. ಶಾಸನ ಸಭೆಯಲ್ಲಿರುವ ಪಾಲುದಾರನಿಗೂ ಕಕ್ಷಿದಾರನಿಗೂ ಬೇಕಾದದ್ದು ಒಂದೇ ಆದಾಗ ಅಲ್ಲಿ ಎದುರು ಪಕ್ಷವೇ ಇರುವುದಿಲ್ಲ. ನಷ್ಟ ಅನುಭವಿಸುವ ಮತದಾರ ಯಾರ ಕಕ್ಷಿದಾರನೂ ಅಲ್ಲ.

ಗೋಪ್ಯತೆಯ ವಾದವನ್ನು ನಾನು ತಳ್ಳಿಹಾಕುವುದಿಲ್ಲ, ಆದರೆ ಅದಕ್ಕೊಂದು ಮಿತಿಯಿದೆ. ರಕ್ಷಣೆ ಬೇಕಿರುವುದು ಕಕ್ಷಿದಾರ ಹೇಳಿಕೊಂಡ ವಿಷಯಕ್ಕೆ, ಪಡೆದ ಸಲಹೆಗೆ. ಕಂಪನಿಯೊಂದು ಶಾಸಕರ ಕಚೇರಿಗೆ ಶುಲ್ಕ ಕೊಟ್ಟಿತೆಂಬ ಸಂಗತಿಯನ್ನು, ಅದರ ಮೊತ್ತವನ್ನು ಬಹಿರಂಗಪಡಿಸಿದರೆ ಸಲಹೆಯೇನೂ ಬಯಲಾಗದು. ಇದಕ್ಕಿಂತ ಕಠಿಣವಾದ ಇನ್ನೊಂದು ಕ್ರಮವೂ ಅಗತ್ಯ. ವಕೀಲರಲ್ಲದವರೊಡನೆ ಶುಲ್ಕ ಹಂಚಿಕೊಳ್ಳಬಾರದೆಂದು ನಮ್ಮ ಬಾರ್ ಕೌನ್ಸಿಲ್ ನಿಯಮ ಈಗಲೂ ಹೇಳುತ್ತದೆ. ವಕೀಲರೇ ಆಗಿರುವ ಶಾಸಕರಿಗೆ ಅದು ತಾಗುವುದಿಲ್ಲ. ತಾವು ಕೈಯಾಡಿಸದ ಕಡತದ ಶುಲ್ಕದಲ್ಲಿ ಜನಪ್ರತಿನಿಧಿ ಪಾಲು ಪಡೆಯಕೂಡದೆಂಬ ಒಂದು ವಾಕ್ಯವನ್ನು ಅಲ್ಲಿಗೇ ಸೇರಿಸಬೇಕು.